ಬಚ್ಚಲ ಗೂಡು

ಕಿಡ್ನಿಯ ಪಾಠ ಇವತ್ತೇ ಮುಗಿಸಿ ಕೈತೊಳೆದುಕೊಳ್ಳಬೇಕು ಅಂತ ಸಿದ್ದರಾಜು ಮೇಷ್ಟ್ರು ಆ ಸೋಮವಾರ ಬೆಳಿಗ್ಗೆ ನಂಜನಗೂಡಿನಲ್ಲಿ ಬಸ್ಸು ಹತ್ತುವಾಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ಕಷ್ಟದ ಪಾಠವೇನಲ್ಲ ಅದು. ಟಿ. ನರಸೀಪುರದ ಕಾಲೇಜಿನಲ್ಲಿ ಫಸ್ಟ್ ಪಿಯುಸಿಯವರಿಗೆ ಬಯಾಲಜಿ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿ ಹೋಗಿತ್ತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುವಷ್ಟು. ಆದರೆ ಹೆಂಡತಿ ನಂಜಮಣಿಯ ಎರಡೂ ಕಿಡ್ನಿ ಕೈಕೊಟ್ಟ ಮೇಲೆ, ಬೋರ್ಡಿನ ಮೇಲೆ ಆ ಚಿತ್ರ ಬರೆಯಲು ಸೀಮೆಸುಣ್ಣ ಎತ್ತಿದರೆ ಸಾಕು, ಇಡೀ ಕ್ಲಾಸು ತಮ್ಮ ಬೆನ್ನನ್ನೇ, ಸೊಂಟದ ಮೇಲಿನ ಎಡಪಕ್ಕೆಯನ್ನೇ ನೋಡುತ್ತಿದೆ ಅನ್ನಿಸಲು ಶುರುವಾಗಿತ್ತು. ನೋಡುತ್ತಲೂ ಇದ್ದವು ಮಕ್ಕಳು, ಸುಳ್ಳೇನಲ್ಲ. ಮೇಷ್ಟ್ರು ಹೆಂಡತಿಗೆ ಒಂದು ಕಿಡ್ನಿ ಕೊಡುತ್ತಾರೆ ಅನ್ನೋದು ಕಾಲೇಜಿಗೆಲ್ಲ ಗೊತ್ತಿತ್ತು. ಫಿಸಿಕ್ಸಿನ ನಾಗಯ್ಯನವರಂತೂ ಸುದ್ದಿ ಕೇಳಿದ್ದೇ ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಸೇರಿಸಿ, ಶಾಲು ಹೊದಿಸಿ, ಚೆಂಡುಹೂವಿನ ಹಾರ ಹಾಕಿ, “ಇಂಥ ಗಂಡ ಈ ಕಾಲದಲ್ಲಿ ಎಲ್ಲಿ ಸಿಕ್ತಾನೆ ಹೇಳಿ” ಅಂತ ಕಣ್ಣು ಒರೆಸಿಕೊಂಡು ಮಾತಾಡಿದ್ದರು. ಕೊರಳಲ್ಲಿ ಬಿದ್ದ ಹಾರದ ವಾಸನೆಗೆ ಮೇಷ್ಟ್ರಿಗೆ ಸಾವಿನ ಮನೆಯ ಅಂಗಳ ನೆನಪಾಗಿತ್ತು. ಬದುಕಿರುವವನಿಗೆ ಹೀಗೆ ಹಾರ ಹಾಕಿ ಕೈ ಮುಗಿಯುವುದಕ್ಕೆ ಏನು ಅರ್ಥ? ಆದರೂ ಅವರು ನಕ್ಕಿದ್ದರು, ಎಲ್ಲರ ಜೊತೆ ನಿಂತು ಫೋಟೋ ತೆಗೆಸಿಕೊಂಡಿದ್ದರು.

“ಕಿಡ್ನಿ ಅಂದ್ರೆ ಬರೀ ಉಚ್ಚೆ ಸೋಸೋ ಜರಡಿ ಅಂದ್ಕೊಬೇಡಿ,” ಅಂದರು ಮೇಷ್ಟ್ರು, ಹಿಂದಿನ ಬೆಂಚಿನ ಕಿಸಿಕಿಸಿ ನಿಲ್ಲುವ ತನಕ ಕಾದು. “ರಕ್ತದಲ್ಲಿ ಆಮ್ಲಜನಕ ಕಮ್ಮಿ ಆಯ್ತು ಅಂತ ಮೊದಲು ಗೊತ್ತಾಗೋದೇ ಅದಕ್ಕೆ. ಗೊತ್ತಾದ ತಕ್ಷಣ ಒಂದು ಪ್ರೋಟೀನು ಮಾಡಿ ರಕ್ತಕ್ಕೆ ಬಿಡುತ್ತೆ. ಎರಿಥ್ರೊಪೊಯೆಟಿನ್. ಬರ್ಕೊಳ್ಳಿ.” ಹೆಸರು ಕೇಳಿ ಒಂದಿಬ್ಬರು ನಕ್ಕರು. ಆ ಪ್ರೋಟೀನು ಅಷ್ಟು ದೂರ ಹರಿದು ಮೂಳೆಯೊಳಗಿನ ಮಜ್ಜೆಗೆ ಬರುತ್ತದೆ, ಅಲ್ಲಿ ಇನ್ನೂ ಬಲಿಯದ, ಕೆಂಪಾಗದ ಎಳೆಯ ಕೋಶಗಳಿರುತ್ತವೆ, ಅವುಗಳ ಮೈಮೇಲೆ ತನಗೆಂದೇ ಇರುವ ಜಾಗ ಹುಡುಕಿಕೊಂಡು ಬಂದು ಕೂರುತ್ತದೆ, ಕೂತದ್ದೇ ತಡ ಒಳಗಿನ ಬೇರೆ ಪ್ರೋಟೀನುಗಳು ಒಂದಕ್ಕೊಂದು ಹೇಳಿಕೊಂಡು ಹೋಗಿ ಸುದ್ದಿಯನ್ನು ಕೋಶದ ನಡುಮನೆಗೆ ಮುಟ್ಟಿಸುತ್ತವೆ ಅಂತ ಬೋರ್ಡಿನ ಮೇಲೆ ಬಾಣದ ಗುರುತು ಎಳೆಯುತ್ತ ಹೋದರು. “ಏನ್ ಸುದ್ದಿ ಸಾ?” ಅಂದಳು ಮೂಗೂರಿನ ಕಡೆಯಿಂದ ಬರುವ, ಯಾವಾಗಲೂ ಮುಂದಿನ ಬೆಂಚಿನಲ್ಲೇ ಕೂರುವ ಹುಡುಗಿ. “ಸಾಯಬೇಡ, ಬೆಳಿ, ಕೆಂಪಾಗು. ಅಷ್ಟೇ ಸುದ್ದಿ.” “ಆ ಸುದ್ದಿ ಬರದೇ ಓದ್ರೆ?” ಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಪರೀಕ್ಷೆಗೆ ಬರಲ್ಲ ಕೂತ್ಕೊ ಅನ್ನಬಹುದಿತ್ತು, ಬೇರೆ ದಿನವಾಗಿದ್ದರೆ ಅಂದೇಬಿಡುತ್ತಿದ್ದರು. “ಬರದೇ ಹೋದ್ರೆ ತಾವಾಗೇ ಸಾಯ್ತವೆ,” ಅಂದರು. “ಆ ಎಳೇ ಕೋಶಗಳು ಇರೋದೇ ಹಂಗೆ. ಯಾರೂ ಕೊಲ್ಲಬೇಕಾಗಿಲ್ಲ. ಹೇಳೋರು ಸುಮ್ಮನಿದ್ರೆ ಸಾಕು.” ಹೇಳಿ ಮುಗಿಸುವಷ್ಟರಲ್ಲಿ ಬಾಯೊಳಗೆ ಸೀಮೆಸುಣ್ಣದ ಪುಡಿ ತುಂಬಿದ ಹಾಗಾಗಿ ನೀರಿನ ಬಾಟಲಿ ಹುಡುಕಿದರು. ಹುಡುಗಿ ಅದನ್ನೂ ಬರೆದುಕೊಂಡಳು.

ಜೇಬಿನಲ್ಲಿ ಫೋನು ಗುರುಗುಟ್ಟಿದ್ದು ಆಗಲೇ. ನಂಜನಗೂಡಿನ ಡಯಾಲಿಸಿಸ್ ಸೆಂಟರಿನ ಸಿಸ್ಟರು. ಮೇಷ್ಟ್ರು ವರಾಂಡಕ್ಕೆ ಬಂದು ಕಂಬಕ್ಕೆ ಒರಗಿ ನಿಂತರು. “ಸರ್, ನಿಮ್ಮ ಮಿಸೆಸ್‌ದು ಹಿಮೋಗ್ಲೋಬಿನ್ ರಿಪೋರ್ಟ್ ಬಂತು, ಇನ್ನೂ ಇಳಿದುಬಿಟ್ಟಿದೆ. ಇಂಜೆಕ್ಷನ್ ಹಾಕ್ತಾ ಇದ್ದರೂ ಯಾಕೋ ಏರ್ತಾನೇ ಇಲ್ಲ. ನಾಳೆ ಡಯಾಲಿಸಿಸ್ ಜೊತೆಗೇ ಒಂದು ಬಾಟ್ಲು ರಕ್ತ ಕೊಡಬೇಕು ಅಂದ್ರು ಡಾಕ್ಟರಮ್ಮ. ಮೈಸೂರಿಂದ ತರಿಸ್ತಿದ್ದೀವಿ. ನೀವೂ ಬಂದಿರಿ.” ಅಯ್ಯೋ ಅನ್ನಬೇಕಿತ್ತು ಮೇಷ್ಟ್ರು. ಅಂದರು ಕೂಡ. ಸಿಸ್ಟರು ಪಾಪ, ಧೈರ್ಯ ಹೇಳಿ ಇಟ್ಟಳು. ಫೋನು ಜೇಬಿಗೆ ಹಾಕುವಾಗ ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗೆ ಮೈಯೆಲ್ಲ ಹಗುರವಾಯಿತು. ಹಗುರವಾಯಿತಲ್ಲ ಅಂತ ತಿಳಿದು ಅವರಿಗೇ ಅಸಹ್ಯವಾಯಿತು, ಕಂಬದ ಬುಡಕ್ಕೆ ಥೂ ಅಂತ ಉಗಿದರು. ಉಗಿದ ಮೇಲೂ ಮೈ ಹಗುರವಾಗಿಯೇ ಇತ್ತು.

ಹಗುರ ಯಾಕೆ ಅಂದರೆ, ಮೈಸೂರಿನ ದೊಡ್ಡ ಡಾಕ್ಟರು ಒಂದು ಮಾತು ಹೇಳಿದ್ದರು, ಅವತ್ತಿನಿಂದ ಮೇಷ್ಟ್ರು ಅದನ್ನು ಒಂದಕ್ಷರ ಬಿಡದೆ ಒಳಗೆ ಇಟ್ಟುಕೊಂಡಿದ್ದರು. “ಆಪರೇಷನ್ ಆಗೋವರೆಗೂ ಬೇರೆಯವರ ರಕ್ತ ಇವರಿಗೆ ಬೇಡ. ಹೊರಗಿನ ರಕ್ತ ಹೋದ್ರೆ ಮೈ ಅದರ ಮೇಲೆ ಹಗೆ ಕಟ್ಟಿಕೊಳ್ಳುತ್ತೆ. ಆಮೇಲೆ ನಿಮ್ಮ ಕಿಡ್ನೀನೂ ಹಗೆ ಅಂತ ತಳ್ಳಿಬಿಡಬಹುದು. ಮೊದಲೇ ಎರಡು ಸಲ ಬಸಿರಾಗಿ ಇಳಿದುಹೋಗಿದೆ, ಆ ಬಸಿರಿನಿಂದ ನಿಮ್ಮ ಗುರುತು ಅವರ ರಕ್ತಕ್ಕಿದೆ. ಪುಣ್ಯಕ್ಕೆ ಸದ್ಯ ಹೊಂದುತ್ತೆ. ಅದಕ್ಕೇ ಈ ಇಂಜೆಕ್ಷನ್ನು. ಇದು ಸರಿಯಾಗಿ ನಡೀತಿದ್ರೆ ರಕ್ತ ಕೊಡೋ ಪ್ರಮೇಯವೇ ಬರಲ್ಲ.” ನಂಜಮಣಿ ಆಗ ಡಾಕ್ಟರ ಮಾತಿಗಿಂತ ಗಂಡನ ಮುಖವನ್ನೇ ಹೆಚ್ಚು ನೋಡುತ್ತ ಕೂತಿದ್ದಳು. ಕಿಡ್ನಿ ಕೊಡಲು ಬೇರೆ ಯಾರಿದ್ದರು? ಅವಳಮ್ಮನಿಗೆ ವಯಸ್ಸಾಗಿತ್ತು. ದೇವನೂರಿನಲ್ಲಿರುವ ಅವಳ ತಮ್ಮ ಮಾದೇಶ ಒಬ್ಬನೇ, ಅವನಿಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೂ ನೆಲ ನೋಡುತ್ತ ನಿಂತಿದ್ದಾಗ, ಊಟಕ್ಕೆ ಏಳಿ ಅಂದರೆ ನೀವು ಮೊದಲು ಏಳಿ ಅನ್ನುವಷ್ಟೇ ಸಲೀಸಾಗಿ, “ನಾನಿದ್ದೀನಲ್ಲ” ಅಂದುಬಿಟ್ಟಿದ್ದರು ಮೇಷ್ಟ್ರು. ಯಾರಾದರೂ ತಡೆಯುತ್ತಾರೆ ಅಂದುಕೊಂಡಿದ್ದರು. ಬೇಡ ಭಾವ, ನಿಮಗ್ಯಾಕೆ ಅಂತ ಮಾದೇಶನಾದರೂ ಅನ್ನುತ್ತಾನೆ ಅಂತಿತ್ತು. ಮಾದೇಶ ಗೊಳೋ ಅಂತ ಅತ್ತು ಅವರ ಕಾಲಿಗೆ ಬಿದ್ದ. ಕಾಲಿಗೆ ಬಿದ್ದವನ ಬೋಳು ನೆತ್ತಿಯ ಮೇಲೆ ಕೈಯಿಟ್ಟುಕೊಂಡು ಮೇಷ್ಟ್ರು, ಇವನಿಗೇ ಯಾಕೆ ಸಕ್ಕರೆ ಬರಬೇಕಿತ್ತು ಅಂತ ಹಲ್ಲು ಕಚ್ಚಿದ್ದರು. ಹೆದರಿಕೆ, ಇನ್ನೇನಲ್ಲ. ಅದಕ್ಕೆ ಇನ್ನೊಂದು ದೊಡ್ಡ ಹೆಸರು ಹುಡುಕಬೇಕಾಗಿಲ್ಲ. ಸ್ನಾನಕ್ಕೆ ಕೂತಾಗ ಪಕ್ಕೆಗೆ ಸೋಪು ಹಚ್ಚುವ ಕೈ ಅಲ್ಲೇ ನಿಂತುಬಿಡುತ್ತಿತ್ತು. ಇಲ್ಲಿಂದ ಇಲ್ಲಿಗೆ ಕೊಯ್ಯುತ್ತಾರೆ, ಇಷ್ಟು ಅಗಲ, ಒಳಗೆ ಬಿಸಿಯಾಗಿ ಇರೋದನ್ನು ಕೈ ಹಾಕಿ ತೆಗೆಯುತ್ತಾರೆ.

ಸುತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸು ಹಿಂತಿರುಗಿ, “ನೀವು ಕಿಡ್ನಿ ಕೊಡೋ ಮೇಷ್ಟ್ರಲ್ವಾ ಸಾ?” ಅಂದಳು. ಹೌದು ಅಂತ ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು. ಕಣ್ಣು ಮುಚ್ಚಿದರೆ ಬಚ್ಚಲ ಗೂಡು. ಅದರೊಳಗೆ ಇದ್ದದ್ದನ್ನು ಮೊದಲು ನೋಡಿದ್ದೂ ಒಂದು ಸೋಮವಾರವೇ, ಪರೀಕ್ಷೆಯ ರಜೆಯಲ್ಲಿ. ಹೊತ್ತಾಗಿ ಸ್ನಾನಕ್ಕೆ ಹೋಗಿದ್ದರು. ಹಂಡೆ ಒಲೆ ಧಗಧಗ ಉರಿಯುತ್ತಿತ್ತು, ಸೌದೆಯ ಹೊಗೆಗೆ ಕಣ್ಣಲ್ಲಿ ನೀರು. ಒಲೆಯ ಮೇಲಿನ ಗೋಡೆಯಲ್ಲಿ ಸೀಗೆಪುಡಿ ಡಬ್ಬಿ ಇಡುವ ಗೂಡಿನಲ್ಲಿ ಮೊಟ್ಟೆಯ ಟ್ರೇ, ಅದರ ಮೇಲೆ ಒಗೆದ ಬಿಳಿ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿಟ್ಟ ನಂಜಮಣಿಯ ಇಂಜೆಕ್ಷನ್ನಿನ ಪೆಟ್ಟಿಗೆ. ಕೈಗೆತ್ತಿಕೊಂಡರೆ ಬೆಚ್ಚಗಿತ್ತು. ಈಗತಾನೆ ಕೋಳಿ ಎದ್ದುಹೋದ ಮೊಟ್ಟೆಯ ಹಾಗೆ ಬೆಚ್ಚಗಿತ್ತು.

ಯಾಕೆ ಅಲ್ಲಿತ್ತು ಅಂತ ಅವರಿಗೆ ಮರುಕ್ಷಣವೇ ಹೊಳೆಯಿತು. ತಪ್ಪು ಅವರದೇ. ಇಂಜೆಕ್ಷನ್ನು ಮೊದಲು ಮನೆಗೆ ಬಂದ ದಿನ ಅವರಮ್ಮ ಪುಟ್ಟಮಾದಮ್ಮ, “ಇದ್ರಲ್ಲಿ ಏನೈತ್ಲಾ, ಐಸ್ ನಡುವೆ ಮಡಗಿ ತಂದಿದ್ದೀಯ?” ಅಂದಾಗ, ಗೊತ್ತಿರೋದನ್ನು ಹೇಳದೆ ಇರಲಾರದ ಮೇಷ್ಟ್ರು ಒಂದು ಪಾಠವನ್ನೇ ಮಾಡಿದ್ದರು. ಇದು ನಮ್ಮ ಕಿಡ್ನಿ ಮಾಡುವ ಪ್ರೋಟೀನೇ, ಈಗ ಇವಳ ಕಿಡ್ನಿ ಮಾಡಲ್ಲ, ಅದಕ್ಕೆ ಫ್ಯಾಕ್ಟರಿಯಲ್ಲಿ ಇಲಿ ಜಾತಿಯ ಒಂದು ಪ್ರಾಣಿಯ ಜೀವಕೋಶದೊಳಗೆ ಬೆಳೆಸಿ ತೆಗೆಯುತ್ತಾರೆ, ವಿಜ್ಞಾನ ಅಂದ್ರೆ ಸುಮ್ನೆ ಅಲ್ಲಮ್ಮ ಅಂತ. “ಇಲೀದಾ? ಮಾದಪ್ಪಾ!” ಅಂದಿದ್ದಳು ಅಮ್ಮ ಅಷ್ಟೇ. ಸೋಮವಾರ ಮಾದಪ್ಪನ ವಾರ. ಆ ಮನೆಯಲ್ಲಿ ವಾರದ ದಿನ ಮಾಂಸ ಮೊಟ್ಟೆಯ ಸೊಲ್ಲೆತ್ತುವಂತಿಲ್ಲ, ದೇವರ ಗೂಡಿನ ಪಕ್ಕದಲ್ಲೇ ಫ್ರಿಜ್ಜು ಇರೋದರಿಂದ ಬೆಳಕು ಹರಿಯುವ ಮುಂಚೆ ಅದರೊಳಗಿನ ಮೊಟ್ಟೆ, ಮಿಕ್ಕ ಸಾರು ಎಲ್ಲ ಹೊರಗೆ ಹೋಗಬೇಕು, ಒಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ವಿಭೂತಿ ಇಡಬೇಕು. ಮೊಟ್ಟೆಯ ಜೊತೆ ಇಲಿಯ ಇಂಜೆಕ್ಷನ್ನೂ ಹೋಯಿತು. ಮಂಗಳವಾರ ಬೆಳಿಗ್ಗೆ ವಾಪಸು ಒಳಕ್ಕೆ. ಅದೇ ಮಂಗಳವಾರ ಫ್ಲಾಸ್ಕಿನಲ್ಲಿ ಐಸ್ ಗಡ್ಡೆಯ ನಡುವೆ ಕೂತು ತಣ್ಣಗೆ ಸೆಂಟರಿಗೆ ಹೋಗುತ್ತಿತ್ತು, ಅಲ್ಲಿ ಮುಟ್ಟಿ ನೋಡಿದವರಿಗೆ ಏನು ಗೊತ್ತಾಗಬೇಕು? ಅಮ್ಮ ಕೆಟ್ಟವಳಲ್ಲ. ಹಲ್ಲಿ ಮುಟ್ಟದಿರಲಿ ಅಂತ ಬಟ್ಟೆ ಸುತ್ತಿಡುವವಳು, ಸೊಸೆ ಎದ್ದು ಓಡಾಡಿದರೆ ಬರಿಗಾಲಲ್ಲಿ ಮಾದಪ್ಪನ ಬೆಟ್ಟ ಹತ್ತುತ್ತೀನಿ ಅಂತ ಹರಕೆ ಹೊತ್ತವಳು. ಹಿಂದಿಂದಲೂ ಮೈಲಿಗೆಯ ಸಾಮಾನಿಗೆ ಆ ಮನೆಯಲ್ಲಿ ಇದ್ದ ಜಾಗ ಬಚ್ಚಲು, ಅಷ್ಟೇ. ಅಲ್ಲಿ ಬೆಂಕಿ ಉರಿಯುತ್ತದೆ ಅನ್ನೋದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ.

ಮೇಷ್ಟ್ರ ಲೆಕ್ಕಕ್ಕೆ ಬಂತು. ಪ್ರೋಟೀನು ಅಂದರೆ ಅದರ ಆಕಾರವೇ ಅದರ ಜೀವ. ಬಿಸಿ ತಗುಲಿ ಆಕಾರ ಕೆಟ್ಟರೆ ಮುಗಿಯಿತು, ಬೆಂದ ಮೊಟ್ಟೆಗೆ ಕಾವು ಕೊಟ್ಟರೆ ಮರಿಯಾಗುತ್ತದೆಯೆ? ಮಜ್ಜೆಯ ತನಕ ಹೋಗುತ್ತದೆ, ಕೂರಬೇಕಾದ ಜಾಗದಲ್ಲಿ ಕೂರಲಾರದೆ ಸುಮ್ಮನೆ ಹಾದುಹೋಗುತ್ತದೆ, ಎಳೆಯ ಕೋಶಗಳು ಕಾದು ಕಾದು ಸಾಯುತ್ತವೆ. “ಅಮ್ಮಾ” ಅಂತ ಕೂಗಲು ಬಾಯಿ ತೆರೆದಿದ್ದರು. ಸಿಟ್ಟು ಬಂದಿತ್ತು, ನಿಜವಾದ ಸಿಟ್ಟು. ಕೂಗು ಗಂಟಲಿಗೆ ಬರುವ ಮೊದಲೇ ಮೈಸೂರಿನ ಡಾಕ್ಟರ ಮಾತು ಬಂತು. ಇಂಜೆಕ್ಷನ್ ಕೆಟ್ಟರೆ ರಕ್ತ ಇಳಿಯುತ್ತೆ. ರಕ್ತ ಇಳಿದರೆ ಬೇರೆಯವರ ರಕ್ತ. ಬೇರೆಯವರ ರಕ್ತ ಹೋದರೆ ನಿನ್ನದು ಹೊಂದಲ್ಲ. ಹೊಂದಲ್ಲ ಅಂದರೆ ನಿನ್ನನ್ನು ಯಾರು ತಾನೇ ಏನು ಕೇಳುತ್ತಾರೆ, ನೀನು ಕೊಡ್ತೀನಿ ಅಂದೆ, ದೇವರು ಬೇಡ ಅಂದ. ನಾಗಯ್ಯನವರು ಆಗಲೂ ಕಣ್ಣು ಒರೆಸಿಕೊಳ್ಳುತ್ತಾರೆ. ಒಲೆಯ ಝಳಕ್ಕೆ ಬೆತ್ತಲೆ ಮೈ ಸುಡುತ್ತಿತ್ತು. ಪೆಟ್ಟಿಗೆಗೆ ಬಟ್ಟೆ ಸುತ್ತಿ, ಗಂಟು ಮೊದಲು ಹೇಗಿತ್ತೋ ಹಾಗೇ ಬರುವಂತೆ ಸುತ್ತಿ, ಮೊಟ್ಟೆಯ ಮೇಲೆ ಇಟ್ಟು, ಎರಡು ತಂಬಿಗೆ ನೀರು ಹುಯ್ದುಕೊಂಡು ಹೊರಗೆ ಬಂದಿದ್ದರು. ಆಮೇಲಿನ ಸೋಮವಾರಗಳಲ್ಲಿ ಮೇಷ್ಟ್ರು ಹಿತ್ತಲ ನಲ್ಲಿಯಲ್ಲೇ ತಣ್ಣೀರು ಸ್ನಾನ ಮಾಡಿ ಕಾಲೇಜಿಗೆ ಹೊರಡಲು ಶುರು ಮಾಡಿದರು. ತಣ್ಣೀರು ಮೈಗೆ ಒಳ್ಳೇದು ಅಂತ ಸ್ಟಾಫ್ ರೂಮಿನಲ್ಲಿ ಹೇಳಿಯೂ ಹೇಳಿದರು.

ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ನಂಜಮಣಿ ಅಡಿಗೆಮನೆಗೂ ನಡುಮನೆಗೂ ಮಧ್ಯದ ಹೊಸ್ತಿಲ ಮೇಲೆ ಕೂತಿದ್ದಳು. ಕಾಫಿ ಲೋಟ ಹಿಡಿದು ಹೊರಟವಳು ಅಷ್ಟು ದೂರ ನಡೆಯಲಾರದೆ ಅಲ್ಲೇ ಕೂತುಬಿಟ್ಟಿದ್ದಳು, ಇಟ್ಟ ಲೋಟ ಆರುತ್ತಿತ್ತು. ಮುಖ ಅಕ್ಕಿ ಹಿಟ್ಟು ಬಳಿದ ಹಾಗೆ ಬೆಳ್ಳಗೆ. “ತಗಳ್ಳಿ, ಆರೋಗದೆ. ಒಂಚೂರು ಬಿಸಿ ಮಾಡ್ಲಾ?” ಅಂತ ಗೋಡೆ ಹಿಡಿದು ಏಳಲು ನೋಡಿದಳು, ಏಳಲಾಗಲಿಲ್ಲ, ನಾಚಿಕೊಂಡು ನಕ್ಕಳು. ದೇವರ ಗೂಡಿನ ಮುಂದೆ ವಿಭೂತಿ ಬಳಿದುಕೊಂಡು ಕೂತಿದ್ದ ಪುಟ್ಟಮಾದಮ್ಮ, “ಸೂಜಿ ಮೇಲೆ ಸೂಜಿ ಆಕ್ಸಿದ್ರೂ ಇವ್ಳು ಮೈಗೆ ಅತ್ತೋದಿಲ್ವಲ್ಲ ಕಣ್ಲಾ. ಇವ್ಳು ಮನಸ್ಸು ಮಾಡ್ಬೇಕು. ಮನಸ್ಸೇ ಇಲ್ಲ ಇವ್ಳಿಗೆ ಬದುಕೋಕೆ. ನಿನ್ ಮೈ ಕೊಯ್ಸೋಕೆ ಮಾತ್ರ ಉಟ್ಟವ್ಳೆ,” ಅಂದಳು. ಆಮೇಲೆ ತಾನು ಅಂದದ್ದಕ್ಕೆ ತಾನೇ ಕೆನ್ನೆ ಬಡಿದುಕೊಂಡು ಮಾದಪ್ಪನಿಗೆ ಕೈ ಮುಗಿದಳು.

ಮೇಷ್ಟ್ರು ಹೆಂಡತಿಯ ಪಕ್ಕ ಕೂತು ಹೆಬ್ಬೆರಳಿನಿಂದ ಅವಳ ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದರು. ಒಳಗೂ ಬೆಳ್ಳಗೆ. ಅವಳು ಕೂಸಿನ ಹಾಗೆ ಮುಖ ಎತ್ತಿಕೊಟ್ಟಳು. ಹೇಳಬಹುದು, ಈಗಲೇ. ಬಚ್ಚಲಿಗೆ ಹೋಗಿ ಪೆಟ್ಟಿಗೆ ತಂದು ನಡುಮನೆಯಲ್ಲಿ ಎಸೆದು, ಎಲ್ಲ ಕೆಟ್ಟುಹೋಗಿದೆ, ಹೊಸದು ತರ್ತೀನಿ ಅಂದರೆ ಮುಗಿಯಿತು, ಇವಳ ಮೈಗೆ ಇನ್ನೂ ಯಾರ ರಕ್ತವೂ ಹೋಗಿಲ್ಲ. ಆದರೆ ಬಾಯಿಂದ ಬಂದದ್ದು, “ಕಬ್ಬಿಣದ ಮಾತ್ರೆ ನೆಟ್ಟಗೆ ನುಂಗ್ತಾ ಇಲ್ಲ ನೀನು. ಎಲ್ಲೋ ಬಿಸಾಕ್ತಾ ಇದ್ದೀಯ.” “ಇಲ್ಲಾ ಕಣ್ರೀ, ನಿಮ್ಮಾಣೆ, ಒಂದಿನಾನೂ ತಪ್ಸಿಲ್ಲ.” “ಮತ್ಯಾಕೆ ಏರಲ್ಲ?” “ನಂಗೊತ್ತಿಲ್ಲ. ನನ್ನ ಮೈಯೇ ಕೆಟ್ಟದ್ದು.” ಸರಿ ಬಿಡು ಅನ್ನದೆ ಮೇಷ್ಟ್ರು ಸುಮ್ಮನೆ ಎದ್ದರು. ಯಾರನ್ನಾದರೂ ನೋಯಿಸಿದರೆ ಒಳಗಿನ ಉರಿ ಒಂದು ಗಳಿಗೆ ತಣಿಯುತ್ತದೆ ಅನ್ನೋದು ಅವರಿಗೆ ಈಚೆಗೆ ಗೊತ್ತಾಗಿತ್ತು, ಗೊತ್ತಾದ ಮೇಲೆ ಚಟವೇ ಆಗಿಹೋಗಿತ್ತು.

ಊಟಕ್ಕೆ ಕೂತಾಗ ಅವಳೇ ಬಡಿಸಿದಳು, ಕೂತುಕೊಂಡೇ. ಅವಳ ತಟ್ಟೆಯಲ್ಲಿ ಉಪ್ಪಿಲ್ಲದ ಅನ್ನ, ಬಸಿದ ತರಕಾರಿ. ಇವರಿಗೆ ಮುದ್ದೆ, ಹುರುಳಿಕಾಳಿನ ಸಾರು, ಮೇಲೆ ಗಟ್ಟಿ ತುಪ್ಪ. “ಇನ್ನೊಂಚೂರು ಆಕ್ಸ್ಕೊಳ್ಳಿ. ನಿಮ್ಮ ಮೈಲಿ ಶಕ್ತಿ ಇರ್ಬೇಕು. ಇವತ್ತು ವಾರ, ಮೊಟ್ಟೆ ಇಲ್ಲ. ನಾಳಿಂದ ದಿನಾ ಎರಡು ಬೇಯ್ಸಿ ಕೊಡ್ತೀನಿ,” ಅಂದಳು. ಕಿಡ್ನಿ ಕೊಡೋ ಮಾತಾದ ದಿನದಿಂದ ಅವಳು ಹೀಗೇ ಅವರನ್ನು ತಿನ್ನಿಸುತ್ತಿದ್ದಳು, ಹಬ್ಬಕ್ಕೆ ಬಿಟ್ಟ ಟಗರಿಗೆ ಮೇವು ಹಾಕುವ ಹಾಗೆ ಅಂತ ಮೇಷ್ಟ್ರಿಗೆ ಅನ್ನಿಸುತ್ತಿತ್ತು, ಅನ್ನಿಸಿದ್ದಕ್ಕೆ ಅವಳ ಮೇಲೇ ಕೋಪ ಬರುತ್ತಿತ್ತು. ನಾಳೆ ರಕ್ತ ಕೊಡುತ್ತಾರೆ ಅಂತ ಹೇಳಿದರು. ಅವಳ ಕೈಯ ಸೌಟು ಸಾರಿನ ಪಾತ್ರೆಯೊಳಗೇ ನಿಂತಿತು. “ರಕ್ತ ಕೊಟ್ರೆ ನಿಮ್ಮ ಕಿಡ್ನಿ ನನ್ ಮೈಗೆ ಒಂದಲ್ಲ ಅಂದಿದ್ರಲ್ಲ ಡಾಕ್ಟ್ರು?” “ಒಂದು ಬಾಟ್ಲಿಗೆ ಏನಾಗಲ್ಲ.” “ಒಂದದೇ ಓದ್ರೆ?” ಮೇಷ್ಟ್ರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಅವಳು ಅವರ ತುತ್ತನ್ನೇ ನೋಡುತ್ತ, ತನಗೆ ತಾನೇ ಹೇಳಿಕೊಳ್ಳುವ ಹಾಗೆ, “ಒಂದದೇ ಓದ್ರೂ ಪರ್ವಾಗಿಲ್ಲ ಕಣ್ರೀ. ನೀವು ಕೊಡ್ತೀನಿ ಅಂದ್ರಲ್ಲ, ಅದೇ ಸಾಕು ನಂಗೆ. ನಮ್ಮಪ್ಪ ನಮ್ಮವ್ವಂಗೆ ಒಂದು ಮಾತ್ರೆ ತಂದ್ಕೊಟ್ಟೋನಲ್ಲ,” ಅಂದಳು. ಆ ಮಾತಿಗೆ ಮೇಷ್ಟ್ರಿಗೆ ಮುದ್ದೆ ಎದೆಯಲ್ಲಿ ನಿಂತಿತು. ಅತ್ತುಬಿಡಬೇಕು ಅನ್ನಿಸಿತು. ನೀರು ಕುಡಿದರು, ಇಳಿಯಿತು.

ಬೆಳಿಗ್ಗೆ ಅಮ್ಮ ಬಟ್ಟೆ ಬಿಚ್ಚಿ ಪೆಟ್ಟಿಗೆಯನ್ನು ಫ್ರಿಜ್ಜಿಗೆ ಸೇರಿಸಿದ್ದಳು. ಸ್ವಲ್ಪ ಹೊತ್ತಿಗೆ ಮೇಷ್ಟ್ರೇ ಅದರಿಂದ ಒಂದು ಸಿರಿಂಜು ತೆಗೆದು ಐಸಿನ ನಡುವೆ ಹುದುಗಿಸಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಆಟೋದಲ್ಲಿ ನಂಜಮಣಿ ಅವರ ಭುಜಕ್ಕೆ ತಲೆಯಿಟ್ಟಿದ್ದಳು. ಸೆಂಟರಿನಲ್ಲಿ ಮಂಚಗಳ ಸಾಲು, ಪ್ರತಿ ಮಂಚದ ಪಕ್ಕ ಒಂದೊಂದು ಯಂತ್ರ, ಒಂದೇ ರಾಗದಲ್ಲಿ ಗುಂಯ್‌ಗುಡುತ್ತಿದ್ದವು. ಅವಳ ತೋಳಿಗೆ ದಪ್ಪ ಸೂಜಿ ಚುಚ್ಚಿದಾಗ ಅವಳು ಎಂದಿನಂತೆ ಮುಖ ಆ ಕಡೆ ತಿರುಗಿಸಿಕೊಂಡಳು. ಡಾಕ್ಟರಮ್ಮ, ಇನ್ನೂ ಎಳೆ ಪ್ರಾಯದವಳು, ರಿಪೋರ್ಟು ಹಿಡಿದು ಬಂದು ಮೇಷ್ಟ್ರನ್ನು ಮಂಚದ ಪಕ್ಕಕ್ಕೆ ಕರೆದಳು. “ಸರ್, ನಂಗೆ ಒಂದು ಅನುಮಾನ. ಡೋಸು ಸರಿಯಾಗಿದೆ, ಕಬ್ಬಿಣಾಂಶ ಸರಿಯಾಗಿದೆ, ಬೇರೆ ಸೋಂಕೂ ಕಾಣ್ತಿಲ್ಲ. ಇಂಜೆಕ್ಷನ್ ಇಡೋದ್ರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ? ಫ್ರಿಜ್ಜಿಂದ ಆಚೆ ಇತ್ತಾ? ಹಾಗಿದ್ರೆ ಹೇಳಿ, ನಾನು ಇವತ್ತು ರಕ್ತ ಕೊಡಲ್ಲ. ಇಲ್ಲಿಂದಲೇ ಒಳ್ಳೇ ಇಂಜೆಕ್ಷನ್ ಹಾಕಿ ಕಾದು ನೋಡ್ತೀನಿ. ಸುಸ್ತಿರುತ್ತೆ, ತಡ್ಕೋತಾರೆ. ಯಾಕಂದ್ರೆ ಒಂದು ಸಲ ರಕ್ತ ಹೋದ್ರೆ ನಿಮ್ಮ ಟ್ರಾನ್ಸ್‌ಪ್ಲಾಂಟ್ ಕಥೆ ಏನಾಗುತ್ತೋ ನಾನು ಹೇಳಕ್ಕಾಗಲ್ಲ.”

ಇಷ್ಟು ಸುಲಭ ಮಾಡಿ ಕೈಗೆ ಕೊಟ್ಟಿದ್ದಳು ಹುಡುಗಿ. ಹೌದು ಅನ್ನೋ ಒಂದು ಮಾತು, ಅಷ್ಟೇ. ಮೇಷ್ಟ್ರಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಜನರ ಮುಂದೆ, ತಮ್ಮ ಕ್ಲಾಸಿನಲ್ಲಿ ಕೂರಬಹುದಾಗಿದ್ದ ಇಷ್ಟುದ್ದದ ಹುಡುಗಿ ತಮ್ಮನ್ನು ಫ್ರಿಜ್ಜಿನ ಬಗ್ಗೆ ಕೇಳುತ್ತಿದ್ದಾಳಲ್ಲ ಅಂತ. ಆ ಸಿಟ್ಟು ಒದಗಿ ಬಂದದ್ದಕ್ಕೆ ಅವರಿಗೆ ಖುಷಿಯೇ ಆಯಿತು, ಅದನ್ನು ಬಿಗಿಯಾಗಿ ಹಿಡಿದುಕೊಂಡರು. “ಏನ್ ಮೇಡಂ ನೀವು ಹೇಳ್ತಿರೋದು? ನಾನು ಬಯಾಲಜಿ ಲೆಕ್ಚರರ್ರು. ಪ್ರೋಟೀನ್ ಅಂದ್ರೇನು ಅಂತ ನಂಗೆ ಹೇಳ್ಕೊಡ್ತೀರಾ? ಹೆಂಡತಿಗೆ ಕಿಡ್ನಿ ಕೊಡೋಕೆ ನಿಂತಿರೋನು ನಾನು, ಒಂದು ಇಂಜೆಕ್ಷನ್ ಇಡಕ್ಕೆ ಬರಲ್ವಾ ನಂಗೆ?” ದನಿ ಏರಿತ್ತು, ಪಕ್ಕದ ಮಂಚಗಳಿಂದ ಜನ ತಲೆಯೆತ್ತಿ ನೋಡಿದರು. ಡಾಕ್ಟರಮ್ಮನ ಕಿವಿ ಕೆಂಪಾಯಿತು. “ಸಾರಿ ಸರ್. ಕೇಳೋದು ನನ್ನ ಡ್ಯೂಟಿ, ಅದಕ್ಕೇ. ತಪ್ಪು ತಿಳ್ಕೊಬೇಡಿ,” ಅಂದು ಸಿಸ್ಟರ ಕಡೆ ನೋಡಿ ತಲೆಯಾಡಿಸಿದಳು. ಪಕ್ಕದ ಮಂಚದ ಮುದುಕ, “ಅಂಥ ಗಂಡಂಗೆ ಇಂಗೆಲ್ಲ ಕೇಳ್ಬಾರ್ದು ಕಣವ್ವ” ಅಂತ ಡಾಕ್ಟರಮ್ಮನಿಗೇ ಬುದ್ಧಿ ಹೇಳಿದ. ಮೇಷ್ಟ್ರು ಸ್ಟೂಲು ಎಳೆದುಕೊಂಡು ಹೆಂಡತಿಯ ಪಕ್ಕ ಕೂತರು.

ರಕ್ತದ ಚೀಲ ಬಂತು. ಸಿಸ್ಟರು ಹೆಸರು ಕೇಳಿದಳು, ಚೀಲದ ಮೇಲಿನ ಚೀಟಿ ಓದಿದಳು, ಸರಳಿಗೆ ನೇತುಹಾಕಿ ನಳಿಗೆಯನ್ನು ಯಂತ್ರದ ದಾರಿಗೆ ಸೇರಿಸಿ ಬೆರಳಲ್ಲಿ ಎರಡು ಸಲ ತಟ್ಟಿದಳು. “ನಿಧಾನಕ್ಕೆ ಬಿಡ್ತೀನಿ. ಚಳಿ, ಕೆರೆತ ಏನಾದರೂ ಅನ್ನಿಸಿದ್ರೆ ತಕ್ಷಣ ಹೇಳಿ, ನಿಲ್ಲಿಸ್ತೀನಿ,” ಅಂದು ಪಕ್ಕದ ಮಂಚಕ್ಕೆ ಹೋದಳು. ಕಪ್ಪುಗೆಂಪು ಗೆರೆಯೊಂದು ನಳಿಗೆಯಲ್ಲಿ ಇಳಿಯತೊಡಗಿತು. ಯಾರದೋ ರಕ್ತ, ಪುಣ್ಯಾತ್ಮ ಯಾರೋ ಕೊಟ್ಟದ್ದು. ಮೇಷ್ಟ್ರು ಅದನ್ನೇ ನೋಡುತ್ತ ಕೂತರು. ಇನ್ನೂ ಅವಳ ಮೈ ಮುಟ್ಟಿಲ್ಲ. ಸಿಸ್ಟರ್ ಅಂತ ಒಂದು ಕೂಗು ಹಾಕಿದರೆ ನಿಲ್ಲುತ್ತದೆ.

“ರೀ,” ಅಂದಳು ನಂಜಮಣಿ. ಬಿಟ್ಟಿದ್ದ ಕೈಯಿಂದ ಅವರ ಬೆರಳು ಹುಡುಕಿ ಹಿಡಿದುಕೊಂಡಳು. ದನಿ ಬಹಳ ಸಣ್ಣಗಿತ್ತು, ಮೇಷ್ಟ್ರು ಬಗ್ಗಿ ಕಿವಿ ಕೊಡಬೇಕಾಯಿತು. “ಆ ಡಾಕ್ಟ್ರಮ್ಮ ಕೇಳುದ್ರಲ್ಲ. ವಾರದ ದಿನ ಅತ್ತೆ ಅದನ್ನ ಬಚ್ಚಲ ಗೂಡಲ್ಲಿ ಮಡಗ್ತಾರೆ. ನಿಮಗೂ ಗೊತ್ತಲ್ವಾ. ರಜದಲ್ಲಿ ಒಂದಿನ ನೀವು ನೀರು ಉಯ್ಕೊಳೋಕೆ ಓದಾಗ ಟವಲ್ ಕೊಡೋಕೆ ಬಂದಿದ್ದೆ. ಕದದ ಸಂದೀಲಿ ನೋಡ್ದೆ, ನೀವು ಬಟ್ಟೆ ಬಿಚ್ಚಿ ನೋಡಿ, ತಿರ್ಗ ಅಲ್ಲೇ ಮಡಗುದ್ರಿ. ನಂಗೆ ಅದಕ್ಕೆ ಮುಂಚೆ ಒಂದು ಅನ್ಮಾನ ಇತ್ತು, ಒಲೆ ಮೇಲೆ ಇರ್ತದಲ್ಲ ಅಂತ. ನಿಮ್ಮನ್ನ ಕೇಳಾನ ಅಂತಿದ್ದೆ. ಇವ್ರೇ ನೋಡಿ ಸುಮ್ನಾದ್ರು ಅಂದ್ಮೇಲೆ, ಎಲ್ಲ ತಿಳಿದೋರು, ಏನೂ ಆಗಲ್ಲ ಅಂತ ನಾನೂ ಸುಮ್ನಾದೆ.” ಉಸಿರು ಸಾಲದೆ ಮಾತು ನಿಲ್ಲಿಸಿದಳು. ಅವಳ ಕಣ್ಣಲ್ಲಿ ದೂರು ಇದೆಯೇ ಅಂತ ಮೇಷ್ಟ್ರು ಹುಡುಕಿದರು, ಇದ್ದಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಇರಲಿಲ್ಲ. ಪಾಠ ಅರ್ಥವಾಗದೆ ಕೇಳುವ ಹುಡುಗಿಯ ಮುಖ ಅದು. “ಏನಾದ್ರೂ ಆಗ್ತದಾ ರೀ, ಅಂಗೆ ಮಡಗಿದ್ರೆ?”

ಕೆಂಪು ಗೆರೆ ತೋಳಿನ ಹತ್ತಿರ ಬಂದಿತ್ತು. ಸಿಸ್ಟರು ಎರಡೇ ಮಂಚದ ಆಚೆ ಬೆನ್ನು ಮಾಡಿ ನಿಂತಿದ್ದಳು.

“ಏನೂ ಆಗಲ್ಲ,” ಅಂದರು ಮೇಷ್ಟ್ರು. “ನೀನು ಮಲಕ್ಕೊ.”

ಅವಳು ಹೂಂ ಅಂದು ಕಣ್ಣು ಮುಚ್ಚಿದಳು.